ನಾನು ತಿದ್ದದೆ ಬಿಟ್ಟ ಳಕಾರ

ಇದನ್ನು ಬರೆಯದೆ ತಪ್ಪಿಸಿಕೊಂಡು ಬಂದಿದ್ದೇನೆ. ಅಟ್ಲಾಂಟಾ ಪಕ್ಕದ ಸುವಾನಿಯ ಕನ್ನಡದವರು ಯುಗಾದಿ ಊಟಕ್ಕೆ ಸೇರಿದಾಗಲೆಲ್ಲ ಯಾರಾದರೂ ಒಬ್ಬರು, “ಅಂಕಲ್, ನಿಮ್ಮ ಹಾಲಿವುಡ್ ಎಕ್ಸ್‌ಪೀರಿಯೆನ್ಸ್ ಬರ್ಕೊಡಿ, ಸಂಚಿಕೆಗೆ ಹಾಕ್ತೀವಿ” ಅನ್ನುತ್ತಾರೆ. ಬರೆಯೋಣ ಬಿಡಿ ಎಂದು ಚಿತ್ರಾನ್ನದ ಸಾಲಿನಲ್ಲಿ ಮುಂದಕ್ಕೆ ಸರಿಯುತ್ತೇನೆ. ಅವರು ಕೇಳುವುದು ಕ್ಯಾಮೆರಾ, ಕ್ರೇನು, ದೊಡ್ಡ ನಟರ ಪಕ್ಕ ನಿಂತ ಫೋಟೋ. ನನ್ನಲ್ಲಿರುವುದು ಒಬ್ಬನ ಮೇಲೆ ನಾನು ತೀರಿಸಿಕೊಂಡ ಸೇಡು. ಅದನ್ನು ಚಿತ್ರಾನ್ನದ ಜೊತೆ ಹೇಳುವುದು ಹೇಗೆ?

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಸಿನಿಮಾದಲ್ಲಿ ನನಗೆ ಬರುತ್ತಿದ್ದ ಕೆಲಸ ಒಂದೇ, ಪ್ರಾಂಪ್ಟಿಂಗ್. ಬೆಂಗಳೂರಿನ ಸೆಟ್ಟುಗಳಲ್ಲಿ ಕನ್ನಡ ಬಾರದ ನಾಯಕಿ ಬಂದರೆ, ಕ್ಯಾಮೆರಾ ಪಕ್ಕ ನಿಂತು ಅವಳ ಮಾತನ್ನು ತುಂಡು ತುಂಡಾಗಿ ಕೂಗಿ ಕೊಡುವವನು ಪ್ರಾಂಪ್ಟರ್. ತುಟಿ ಸರಿಯಾಗಿ ಆಡಿದರೆ ಸಾಕು. ಧ್ವನಿಯನ್ನು ಆಮೇಲೆ ಡಬ್ಬಿಂಗ್‌ನಲ್ಲಿ ಬೇರೆಯವರು ಕೊಡುತ್ತಾರೆ. ಅದನ್ನು ಬಿಟ್ಟು ಅಮೆರಿಕಕ್ಕೆ ಬಂದು ಎಷ್ಟೋ ಕಾಲವಾಗಿತ್ತು. ಸುವಾನಿಯ ಒಂದು ಇಂಡಿಯನ್ ಗ್ರೋಸರಿಯ ಕೌಂಟರಿನಲ್ಲಿ ನುಗ್ಗೆಕಾಯಿ, ಕರಿಬೇವು ಬಿಲ್ ಮಾಡುತ್ತಿದ್ದೆ. ಕೊರೊನಾದ ಮೊದಲ ವರ್ಷದಲ್ಲಿ ಹೆಂಡತಿ ಹೋದಳು. ಮರುವರ್ಷ ಅಟ್ಲಾಂಟಾದಲ್ಲಿ ಮಾಸ್ಕ್ ಹಾಕಿಕೊಂಡೇ ಶೂಟಿಂಗ್ ಶುರುವಾದಾಗ, ಅಂಗಡಿಗೆ ಬರುತ್ತಿದ್ದ ಒಬ್ಬರು ನನ್ನ ನಂಬರನ್ನು ಒಂದು ಚಿತ್ರದ ಆಫೀಸಿಗೆ ಕೊಟ್ಟರು. ಅವರಿಗೆ ಕನ್ನಡ ಕಲಿಸುವವರು ಬೇಕಿತ್ತಂತೆ.

ಜೂಮ್‌ನಲ್ಲಿ ಮಾತಾಡಿದವನು ಚಿತ್ರದ ನಿರ್ದೇಶಕ. ಕತೆಯೂ ಅವನದೇ. ವಾಷಿಂಗ್ಟನ್ ಪಕ್ಕದ ಮೇರಿಲ್ಯಾಂಡ್‌ನಲ್ಲಿ ಕನ್ನಡದ ಮನೆಯಲ್ಲಿ ಬೆಳೆದವನು. ಲಾಸ್ ಏಂಜಲೀಸ್‌ನಲ್ಲಿ ಬೇರೆಯವರ ಚಿತ್ರಗಳಿಗೆ ಬರೆದು ಬರೆದು ನಲವತ್ತು ದಾಟಿದ ಮೇಲೆ ತನ್ನದೇ ಒಂದು ಚಿತ್ರ ಮಾಡಲು ಹೊರಟಿದ್ದ. ಕಂಪನಿಗಳ ಲ್ಯಾಬುಗಳೇ ತುಂಬಿದ ರಿಸರ್ಚ್ ಟ್ರಯಾಂಗಲ್ ಪಾರ್ಕಿನಲ್ಲಿ ಇಡೀ ಜೀವನ ಔಷಧಿ ಹುಡುಕಿದ ವಿಜ್ಞಾನಿಯೊಬ್ಬ ಸಾಯುವ ಮೊದಲು, ಮಾತು ಬಿಟ್ಟಿದ್ದ ಮಗಳು ಆಸ್ಪತ್ರೆಗೆ ಬರುವ ಕತೆ. ಅಪ್ಪ ಮಗಳು ಜಗಳ ಆಡುವುದು, ಅಳುವುದು ಕನ್ನಡದಲ್ಲಿ, ಉಳಿದದ್ದೆಲ್ಲ ಇಂಗ್ಲಿಷ್.

“ಅಂಕಲ್, ನಂಗೆ ಕನ್ನಡ ಅರ್ಥ ಆಗತ್ತೆ, ಬರಿಯಕ್ಕೆ ಬರಲ್ಲ. ನಾನ್ ಇಂಗ್ಲಿಷ್‌ನಲ್ಲಿ ಬರೀತೀನಿ, ನೀವ್ ಕನ್ನಡ ಮಾಡಿ ಆಕ್ಟರ್ಸ್‌ಗೆ ಹೇಲಿಕೊಡಿ” ಎಂದ.

ನಾನು ನಗಲಿಲ್ಲ. ಇಲ್ಲಿ ಹುಟ್ಟಿದವರ ನಾಲಿಗೆ ಳಕಾರಕ್ಕೆ ಹಿಂದಕ್ಕೆ ಮಡಚಿಕೊಳ್ಳುವುದಿಲ್ಲ. ಮನೆಗಳಲ್ಲಿ ದೊಡ್ಡವರು ಸೆರಗಿನಲ್ಲಿ ನಕ್ಕು ಸುಮ್ಮನಾಗುತ್ತಾರೆ. ಬೇರೆ ಪದಗಳಲ್ಲಿ ಅದು ಬರಿಯ ತಪ್ಪು. ಈ ಒಂದು ಪದದಲ್ಲಿ ಮಾತ್ರ, ಮಾತಾಡು ಎನ್ನಲು ಹೋದವನು ಕಕ್ಕಸಿಗೆ ಕೂರು ಎಂದಂತಾಗುತ್ತದೆ. ಕನ್ನಡ ಓದುವವರಿಗೆ ಇದಕ್ಕಿಂತ ಬಿಡಿಸಿ ಬರೆಯಬೇಕಿಲ್ಲ.

ಮಗಳ ಪಾತ್ರದ ಹುಡುಗಿ ಚಾರ್ಲಟ್‌ನವಳು. ತಂದೆ ತಾಯಿ ಧಾರವಾಡದ ಕಡೆಯಿಂದ ಬಂದ ಡಾಕ್ಟರುಗಳು. ಮೊದಲ ದಿನ ಮಾಸ್ಕ್ ಸರಿಮಾಡಿಕೊಳ್ಳುತ್ತಾ, “ಅಂಕಲ್, ಟಿವಿನಲ್ಲಿ ಎರಡ್ ಸಲ ಡೆಡ್ ಬಾಡಿ ಆಗಿದೀನಿ. ದಿಸ್ ಟೈಮ್ ಐ ಗೆಟ್ ಟು ಟಾಕ್” ಎಂದು ತಾನೇ ನಕ್ಕಳು. ಹೋಟೆಲಿನಲ್ಲಿ ಸರ್ವ್ ಮಾಡುತ್ತಾ ಆಡಿಷನ್‌ಗಳಿಗೆ ಓಡುತ್ತಿದ್ದವಳು. ಮನೆಯವರು ಇನ್ನೊಂದು ವರ್ಷ ನೋಡು, ಆಮೇಲೆ ಓದು ಮುಂದುವರಿಸು ಅಂದಿದ್ದರಂತೆ. ಅದಕ್ಕಿಂತ ದೊಡ್ಡದು ಅವಳ ಅಜ್ಜಿ. ಧಾರವಾಡದಲ್ಲಿರುವ ಅಜ್ಜಿಗೆ ಇಂಗ್ಲಿಷ್ ಬಾರದು, ಇವಳಿಗೆ ಕನ್ನಡ ಅಷ್ಟಕ್ಕಷ್ಟೆ. ಫೋನ್ ಮಾಡಿದರೆ ಅಜ್ಜಿ ಎರಡು ಮಾತಾಡಿ ತಾಯಿಗೆ ಕೊಡು ಅನ್ನುತ್ತಿದ್ದರು.

“ಅಜ್ಜಿ ಈ ಪಿಕ್ಚರ್ ನೋಡ್ಬೇಕು ಅಂಕಲ್. ಐ ವಾಂಟ್ ಹರ್ ಟು ಹಿಯರ್ ಮಿ. ನನ್ ವಾಯ್ಸ್, ಕನ್ನಡದಲ್ಲಿ.”

ಕಲಿಸಲು ಕೂತೆ. ಪ್ರಾಂಪ್ಟಿಂಗ್ ಇಲ್ಲಿ ನಡೆಯುವುದಿಲ್ಲ. ಧ್ವನಿಯನ್ನು ಸ್ಥಳದಲ್ಲೇ ಹಿಡಿಯುತ್ತಾರೆ, ಉಸಿರು ಬಿಟ್ಟರೂ ಮೈಕಿಗೆ ಕೇಳುತ್ತದೆ. ಎಲ್ಲವನ್ನೂ ಮೊದಲೇ ನಾಲಿಗೆಗೆ ಹತ್ತಿಸಬೇಕು. ಅಂಗುಳಕ್ಕೆ, ಹಲ್ಲಿನಿಂದ ಹಿಂದಕ್ಕೆ, ಜೇನುತುಪ್ಪ ಸವರಿಕೊಂಡು ನಾಲಿಗೆಯ ತುದಿಯಿಂದ ನೆಕ್ಕಿ ತೆಗೆಯಲು ಹೇಳಿದೆ. ನಾಲಿಗೆ ಎಲ್ಲಿ ಮುಟ್ಟಿತೋ ಅದು ಳಕಾರದ ಜಾಗ. ಹಳ್ಳ, ಬಳ್ಳಿ, ಕೊಳ, ಕಾಳು. ನಿಧಾನವಾಗಿ ಹೇಳಿದರೆ ಬರುತ್ತಿತ್ತು. ಸಿಟ್ಟು, ಅಳು ಸೇರಿದರೆ ನಾಲಿಗೆ ಮುಂದಕ್ಕೆ ಜಾರಿ ಲಕಾರಕ್ಕೆ ಬೀಳುತ್ತಿತ್ತು. ಅವಳ ಪಾತ್ರದ ಕನ್ನಡವೆಲ್ಲ ಸಿಟ್ಟು ಮತ್ತು ಅಳು.

ಆಗ ಒಂದು ಕೆಲಸ ಮಾಡಿದೆ. ಈಗಲೂ ಅದರ ಬಗ್ಗೆ ನನಗೆ ಹೆಮ್ಮೆ ಇದೆ. ಅವಳ ಮಾತುಗಳಲ್ಲಿದ್ದ ಳಕಾರವನ್ನೆಲ್ಲ ಒಂದೊಂದಾಗಿ ಕಿತ್ತೆ. ‘ನಾಳೆ ಬರ್ತೀನಿ’ ಇದ್ದದ್ದು ‘ಮತ್ತೆ ಬರ್ತೀನಿ’ ಆಯಿತು. ‘ಕೇಳಿಸ್ತಾ?’ ಹೋಗಿ ‘ಗೊತ್ತಾಯ್ತಾ?’ ಬಂತು. ‘ಬೆಳಗ್ಗೆಯಿಂದ ಕಾಯ್ತಿದೀನಿ’ ಅನ್ನುವುದು ‘ಆಗ್ಲಿಂದ ಕಾಯ್ತಿದೀನಿ’. ‘ಹೇಳು’ ಇದ್ದ ಕಡೆಯೆಲ್ಲ ‘ಮಾತಾಡು’. ಓದಿದವರು ಯಾರೂ ಅಲ್ಲೊಂದು ಅಕ್ಷರ ಕಾಣೆಯಾಗಿದೆ ಎಂದು ಕಂಡುಹಿಡಿಯಲಾರರು. ನಿರ್ದೇಶಕನಿಗೆ ತೋರಿಸಿದಾಗ, “ಅಂಕಲ್, ಯು ಆರ್ ಎ ರೈಟರ್!” ಎಂದು ಬೆನ್ನು ತಟ್ಟಿದ. ಅಂಗಡಿಯಲ್ಲಿ ಕೊತ್ತಂಬರಿ ಕಟ್ಟುತ್ತಿದ್ದವನಿಗೆ ಅದು ಸಾಕಾಗಿತ್ತು. ಅವನ ಮೇಲೆ ಪ್ರೀತಿಯೇ ಬಂತು.

ಮೊದಲು ಹೊರಾಂಗಣದ ಚಿತ್ರೀಕರಣಕ್ಕೆ ರಿಸರ್ಚ್ ಟ್ರಯಾಂಗಲ್ ಪಾರ್ಕಿಗೆ ಹೋದೆವು. ಎಲ್ಲರೂ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಕಾಲ. ದೊಡ್ಡ ದೊಡ್ಡ ಕಟ್ಟಡಗಳ ಪಾರ್ಕಿಂಗ್ ಖಾಲಿ ಬಿದ್ದು, ಪೈನ್ ಮರಗಳ ಸೂಜಿಯೆಲೆ ಗೆರೆಗಳ ಮೇಲೆಲ್ಲ ಉದುರಿತ್ತು. ಕೆಲಸ ಮುಗಿಸಿ ಅಟ್ಲಾಂಟಾಕ್ಕೆ ಹಿಂತಿರುಗುವಾಗ ನಿರ್ದೇಶಕ, “ಅಂಕಲ್, ವ್ಯಾನ್ ಬೇಡ. ನನ್ ಜೊತೆ ಬನ್ನಿ, ನಾನೇ ಡ್ರೈವ್ ಮಾಡ್ತೀನಿ” ಎಂದ. ಐ-85 ಹೆದ್ದಾರಿಯಲ್ಲಿ ಇಬ್ಬರೇ. ಆಸ್ಪತ್ರೆಯ ದೃಶ್ಯ ಅವನಿಗೆ ಕೂರುತ್ತಿರಲಿಲ್ಲ. ಸಾಯುವವರ ಹತ್ತಿರ ಜನ ಏನು ಮಾತಾಡುತ್ತಾರೆ ಎಂದು ಕೇಳಿದ. ನಿಜವಾಗಿ ತಿಳಿದುಕೊಳ್ಳಲು ಕೇಳಿದಂತಿತ್ತು. ಹೇಳಿಬಿಟ್ಟೆ.

ಹೆಂಡತಿಯನ್ನು ಆಸ್ಪತ್ರೆಗೆ ಸೇರಿಸಿದ ಮೇಲೆ ಒಳಗೆ ಯಾರನ್ನೂ ಬಿಡಲಿಲ್ಲ. ನರ್ಸ್ ಒಬ್ಬಳು ಟ್ಯಾಬ್ಲೆಟ್ ಹಿಡಿದು ಮುಖ ತೋರಿಸಿದಳು. ಮೂಗಿಗೆ ಕೊಳವೆ, ಬಾಯಿಯ ಮೇಲೆ ಆಕ್ಸಿಜನ್ ಮಾಸ್ಕ್. ಅದರ ಸಂದಿಯಿಂದ ಅವಳು, “ಏನಾದ್ರೂ ಹೇಳೀಂದ್ರೆ” ಅಂದಳು. ಜೀವನವಿಡೀ ಬೇರೆಯವರಿಗೆ ಮಾತು ಎತ್ತಿಕೊಟ್ಟವನು ನಾನು. ಆ ಗಳಿಗೆಯಲ್ಲಿ ನನ್ನ ಬಾಯಿಗೆ ಬಂದದ್ದು “ಊಟ ಆಯ್ತಾ?” ಕೊಳವೆಯಲ್ಲಿ ಆಹಾರ ಹೋಗುತ್ತಿದ್ದವಳನ್ನು ಊಟ ಆಯ್ತಾ ಎಂದು ಕೇಳಿದೆ. ಅವಳು ಕಣ್ಣು ಮುಚ್ಚಿದಳು. ನರ್ಸು ಟ್ಯಾಬ್ಲೆಟ್ಟನ್ನು ಪಕ್ಕದ ಹಾಸಿಗೆಗೆ ತೆಗೆದುಕೊಂಡು ಹೋದಳು. ಮತ್ತೆ ಅವಳ ಧ್ವನಿ ಕೇಳಲಿಲ್ಲ.

ನನ್ನ ಸ್ವಂತ ಮಗಳಿಗೂ ಹೇಳಿರದ ಮಾತು ಅದು. ಚಾರ್ಲಟ್ ದಾಟಿದ ಮೇಲೆ ನಿರ್ದೇಶಕ, “ಸಾರಿ ಅಂಕಲ್” ಎಂದ. ಸೌತ್ ಕ್ಯಾರೊಲೈನಾದಲ್ಲಿ ಗಾಡಿ ನಿಲ್ಲಿಸಿ ಕಾಫಿ ಕೊಡಿಸಿದ.

ಹಾಲಿವುಡ್‌ನಲ್ಲಿ ಕತೆ ತಿದ್ದಿದಾಗಲೆಲ್ಲ ಹೊಸ ಹಾಳೆಗಳನ್ನು ಬೇರೆ ಬಣ್ಣದಲ್ಲಿ ಹಂಚುತ್ತಾರೆ. ಬಿಳಿಯದಾದ ಮೇಲೆ ನೀಲಿ, ಆಮೇಲೆ ಗುಲಾಬಿ. ಅಟ್ಲಾಂಟಾದ ಸ್ಟೇಜಿನಲ್ಲಿ ಪ್ಲೈವುಡ್ಡಿನ ಆಸ್ಪತ್ರೆ ಎದ್ದು ನಿಂತಿದ್ದಾಗ ಗುಲಾಬಿ ಹಾಳೆ ಕೈಗೆ ಬಂತು. ಅದರಲ್ಲಿ ನಾನು ಬರೆಯದ ಒಂದು ದೃಶ್ಯ. ಮಗಳು ಹಾಸಿಗೆಯ ಪಕ್ಕ ಕೂತು, “ಅಪ್ಪಾ, ಏನಾದ್ರೂ ಹೇಳು” ಅನ್ನುತ್ತಾಳೆ. ಸಾಯುತ್ತಿರುವ ಅಪ್ಪ ಕಣ್ಣು ತೆರೆದು, “ಊಟ ಆಯ್ತಾ?” ಅನ್ನುತ್ತಾನೆ. ಕನ್ನಡವನ್ನು ಅವನು ಇಂಗ್ಲಿಷ್ ಅಕ್ಷರಗಳಲ್ಲಿ ತಾನೇ ಬರೆದಿದ್ದ.

ಎಲ್ಲರೂ ಮೇಜಿನ ಸುತ್ತ ದೂರ ದೂರ ಕೂತು ಓದಿದರು. ಅಪ್ಪನ ಪಾತ್ರದವರು ನ್ಯೂಜೆರ್ಸಿಯ ಗುಜರಾತಿ ನಟರು. ಒಳ್ಳೆಯ ಮನುಷ್ಯ, ಹೇಳಿಕೊಟ್ಟದ್ದನ್ನು ಹೇಳುತ್ತಿದ್ದರು. ಅವರು ಆ ಮಾತು ಹೇಳಿ, ನಿರ್ದೇಶಕ ಅದರ ಅರ್ಥ ಹೇಳಿದ ಕೂಡಲೇ ಇಡೀ ಮೇಜು ನಕ್ಕಿತು. ಲೈಟಿನವನೊಬ್ಬ ತೊಡೆ ತಟ್ಟಿಕೊಂಡ. ನಿರ್ದೇಶಕ ಎದೆ ಮೇಲೆ ಕೈಯಿಟ್ಟು, “ದಟ್ಸ್ ಮೈ ಗ್ರ್ಯಾಂಡ್‌ಫಾದರ್. ಟ್ರೂ ಸ್ಟೋರಿ” ಎಂದ. ಮತ್ತೆ ನಕ್ಕರು. ನನ್ನ ಮುಖಕ್ಕೆ ಮಾಸ್ಕ್ ಇತ್ತು.

ತಿಂಡಿ ಇಡುವ ಮೇಜಿನ ಹತ್ತಿರ ಅವನನ್ನು ಹಿಡಿದೆ.

“ಡೈರೆಕ್ಟ್ರೇ, ಅದು ನನ್ ಮನೆ ಮಾತು. ತೆಗೀರಿ.”

“ಅಂಕಲ್, ರೈಟರ್ಸ್ ಎಲ್ಲಾ ಹಂಗೇನೇ. ಎಲ್ಲಾ ಕಡೆಯಿಂದ ತಗೋತೀವಿ. ಡೋಂಟ್ ಟೇಕ್ ಇಟ್ ಪರ್ಸನಲಿ.”

“ಪರ್ಸನಲ್ ಅಲ್ದೆ ಇನ್ನೇನ್ರೀ ಅದು? ನನ್ ಹೆಂಡ್ತಿ ಸತ್ತಿದ್ದು.”

“ಐ ನೋ, ಐ ನೋ. ಅದಕ್ಕೇ ಇಟ್ ವರ್ಕ್ಸ್! ಜನ ನಗ್ತಾರೆ, ಆಮೇಲೆ ಅಳ್ತಾರೆ.” ‘ಅಲ್ತಾರೆ’ ಎಂದ ಅವನು, ನಾನು ತಿದ್ದಿ ಬರೆದಿದ್ದೇನೆ. ಆಮೇಲೆ ಬಾದಾಮಿಯ ಪೊಟ್ಟಣ ಹರಿಯುತ್ತಾ ನನ್ನ ಭುಜ ಮುಟ್ಟಿ, “ಸ್ಟೋರಿ ನಾನ್ ನೋಡ್ಕೋತೀನಿ ಅಂಕಲ್. ನೀವ್ ಕನ್ನಡ ನೋಡ್ಕೊಲ್ಲಿ” ಎಂದು ಹೊರಟುಹೋದ.

ನೋಡ್ಕೊಲ್ಲಿ. ನೋಡಿ ಕೊಲ್ಲಿ. ಅಲ್ಲೇ ನಿಂತು ಅದನ್ನು ಬಾಯಲ್ಲಿ ಆಡಿಸಿದೆ. ನಿನ್ನ ಬಾಯಿಂದಲೇ ಅಪ್ಪಣೆ ಸಿಕ್ಕಿತಲ್ಲ ಮಗನೇ ಅಂದುಕೊಂಡೆ. ಹೆಂಡತಿ ಹೋದ ಮೇಲೆ ಅವತ್ತು ಮೊದಲ ಸಲ ಮನೆಗೆ ಬಂದು ಹೊಟ್ಟೆ ತುಂಬ ಉಂಡೆ.

ಆ ಸಾಲನ್ನು ‘ಏನಾದ್ರೂ ಮಾತಾಡು’ ಎಂದು ಮಾಡಲು ನನಗೆ ಯಾರ ಒಪ್ಪಿಗೆಯೂ ಬೇಕಿರಲಿಲ್ಲ. ಅದೇ ನನ್ನ ಕೆಲಸ. ಮಾಡಲಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಳಕಾರದ ಪದ, ಲಕಾರದ ಪದ ಎರಡೂ ಒಂದೇ ರೀತಿ ಕಾಣುತ್ತವೆ; ಹಾಳೆ ನೋಡಿದ ಯಾರಿಗೂ ತಪ್ಪು ಸಿಗುವುದಿಲ್ಲ. ಅವನ ಕಿವಿಗೆ ಎರಡೂ ಒಂದೇ. ಆದರೆ ಚಿತ್ರ ತೋರಿಸುವ ದಿನ ಅವನ ತಾಯಿ ರೇಷ್ಮೆ ಸೀರೆ ಉಟ್ಟು ಬಂದು ಕೂರುತ್ತಾರೆ. ಮೇರಿಲ್ಯಾಂಡ್, ವರ್ಜೀನಿಯಾದ ಕನ್ನಡದವರೆಲ್ಲ ಬರುತ್ತಾರೆ. ಅವರ ಮುಂದೆ, ಅವನ ಅಳುವ ದೃಶ್ಯದ ನಡುಮಧ್ಯದಲ್ಲಿ, ಮಗಳು ಸಾಯುವ ಅಪ್ಪನಿಗೆ ಏನು ಮಾಡು ಅನ್ನುತ್ತಾಳೋ ಅದನ್ನು ಅವರು ಕೇಳುತ್ತಾರೆ. ನನ್ನ ಮನೆಯ ಸಾವಿಗೆ ನಗಿಸಿದೆಯಲ್ಲ, ನಿನ್ನ ಮನೆಯವರ ಎದುರು ನಿನ್ನನ್ನು ನೋಡಿ ಜನ ನಗುವ ಹಾಗೆ ಮಾಡುತ್ತೇನೆ. ಅಂಗಡಿಯಲ್ಲಿ ಅಕ್ಕಿ ಚೀಲ ಸ್ಕ್ಯಾನ್ ಮಾಡುತ್ತಾ ಆ ನಗುವನ್ನು ಕೇಳಿಸಿಕೊಳ್ಳುತ್ತಿದ್ದೆ.

ಹುಡುಗಿಯ ವಿಷಯ ಹೊಳೆಯಲಿಲ್ಲವೇ ಎಂದರೆ, ಹೊಳೆಯಿತು. ನಟಿ ಕೊಟ್ಟದ್ದನ್ನು ಹೇಳುವವಳು, ಅವಳಿಗೇನಾಗುತ್ತದೆ ಎಂದು ಪಕ್ಕಕ್ಕಿಟ್ಟೆ.

ಅವಳೇ ಗುಲಾಬಿ ಹಾಳೆ ಹಿಡಿದು ಬಂದಳು. “ಅಂಕಲ್, ಇದ್ರಲ್ಲಿ ಆ ಲಾ ಇದೆ ಅಲ್ವಾ? ದ ಹನಿ ಒನ್? ಚೇಂಜ್ ಮಾಡೋಣ್ವಾ?”

“ಬೇಡಮ್ಮ, ಚೆನ್ನಾಗೇ ಬರ್ತಿದೆ ನಿಂಗೆ.”

“ಶೂರ್? ಜೇನು ಹಾಕ್ಕೊಂಡು ಪ್ರಾಕ್ಟೀಸ್ ಮಾಡ್ತೀನಿ.”

“ಜೇನೂ ಬೇಡ, ಏನೂ ಬೇಡ. ಆ ಸೀನಲ್ಲಿ ನಾಲಿಗೆ ಮರ್ತುಬಿಡು. ಅಪ್ಪನ ಮುಖ ನೋಡು, ಅಳು ಬರ್ಲಿ. ಮಿಕ್ಕಿದ್ದು ತಾನಾಗೇ ಬರತ್ತೆ.”

ಇದು ಪ್ರಾಂಪ್ಟರ್ ಒಬ್ಬ ಕೊಡಬಹುದಾದ ಅತಿ ಕೆಟ್ಟ ಸಲಹೆ. ಅಳು ಬಂದರೆ ಅವಳ ನಾಲಿಗೆ ಎಲ್ಲಿಗೆ ಜಾರುತ್ತದೆ ಎಂದು ಭೂಮಿಯ ಮೇಲೆ ನನ್ನಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಅವಳು, “ಥ್ಯಾಂಕ್ ಯೂ ಅಂಕಲ್, ದಟ್ ಹೆಲ್ಪ್ಸ್ ಸೋ ಮಚ್” ಎಂದಳು.

ಚಿತ್ರೀಕರಣದ ದಿನ ಮೂಗಿಗೆ ಕಡ್ಡಿ ಹಾಕಿ ಪರೀಕ್ಷೆ ಮಾಡಿ, ಕೈಗೆ ಬಣ್ಣದ ಪಟ್ಟಿ ಕಟ್ಟಿ ಒಳಗೆ ಬಿಟ್ಟರು. ಮಾನಿಟರುಗಳಿರುವ ಕಪ್ಪು ಗುಡಾರದಲ್ಲಿ ನಿರ್ದೇಶಕ, ಪ್ರತಿ ಟೇಕ್‌ನ ವಿವರ ಬರೆದುಕೊಳ್ಳುವ ಸ್ಕ್ರಿಪ್ಟ್ ಸೂಪರ್‌ವೈಸರ್ ಹೆಂಗಸು, ಹೆಡ್‌ಫೋನ್ ಹಾಕಿಕೊಂಡ ನಾನು. ಟೇಕ್ ಮುಗಿದ ಕೂಡಲೇ ಆಕೆ ನನ್ನ ಕಡೆ ನೋಡುತ್ತಾಳೆ. ಹೆಬ್ಬೆರಳು ಎತ್ತಿದರೆ ಭಾಷೆ ಸರಿ. ಕೈ ಅಡ್ಡ ಆಡಿಸಿದರೆ ಇನ್ನೊಮ್ಮೆ.

ಮೊದಲ ಟೇಕ್‌ನಲ್ಲೇ ಜಾರಿತು. “ಅಪ್ಪಾ, ಏನಾದ್ರೂ ಹೇಲು.” ಹೆಡ್‌ಫೋನಿನಲ್ಲಿ ಅದು ನನ್ನ ಕಿವಿಯೊಳಗೇ ಹೇಳಿದಂತೆ ಕೇಳಿತು. ಹೆಬ್ಬೆರಳು ಎತ್ತಿದೆ. ಎರಡನೆಯದು, ಮೂರನೆಯದು, ನಾಲ್ಕನೆಯದು. ಎತ್ತುತ್ತಲೇ ಹೋದೆ. ನಾಲ್ಕನೆಯದರಲ್ಲಿ ಅವಳು ನಿಜವಾಗಿ ಅತ್ತಳು. ಗುಡಾರದಲ್ಲಿ ಯಾರೋ ಮೂಗು ಎಳೆದುಕೊಂಡರು. ಐದರಲ್ಲಿ ಲೈಟು ಕೈಕೊಟ್ಟಿತು.

ಆರನೆಯದರಲ್ಲಿ ಅವಳು ಮಾತಿನ ಮುಂಚೆ ಒಂದು ಕ್ಷಣ ನಿಂತಳು. ನಾನು ಬೇಡವೆಂದರೂ ಅಭ್ಯಾಸ ಮಾಡಿಕೊಂಡು ಬಂದಿದ್ದಳು. “ಅಪ್ಪಾ, ಏನಾದ್ರೂ ಹೇಳು.” ಧಾರವಾಡದಲ್ಲಿ ಹುಟ್ಟಿ ಬೆಳೆದವರ ಳಕಾರ. ಹೆಂಡತಿಯ ಧ್ವನಿಯೇನಲ್ಲ, ಆದರೂ ಆ ಅಕ್ಷರ ಅವಳದೇ.

ಸ್ಕ್ರಿಪ್ಟ್ ಸೂಪರ್‌ವೈಸರ್ ತಲೆ ಎತ್ತಿ, ಈ ಸಲ ಆ ಪದ ಬೇರೆ ರೀತಿ ಕೇಳಿಸಿತಲ್ಲ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನಿರ್ದೇಶಕ ನನ್ನ ಕಡೆ ತಿರುಗಿದ. “ಅಂಕಲ್, ನಂಗೆ ಫೋರ್ ಇಷ್ಟ, ಆದ್ರೆ ಸಿಕ್ಸ್ ಕೂಡ ಓಕೆ. ಕನ್ನಡಕ್ಕೆ ಯಾವ್ದು? ಯು ಟೆಲ್ ಮಿ.”

ಅವನು ಆ ಗಳಿಗೆಯಲ್ಲಿ ಪ್ರಾಮಾಣಿಕವಾಗಿ ಕೇಳಿದ. ನಾನು ಆರು ಎಂದಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಬಾದಾಮಿ ಅಗಿಯುತ್ತಿದ್ದ ಅವನ ದವಡೆ ಕಾಣಿಸಿತು.

“ನಾಲ್ಕು” ಎಂದೆ. “ಆರರಲ್ಲಿ ಸ್ವಲ್ಪ ಕಲಿತು ಹೇಳಿದ ಹಾಗಿದೆ.”

ಅವನು ನಾಲ್ಕನ್ನೇ ಇಟ್ಟುಕೊಂಡ. ಎಡಿಟಿಂಗ್ ಆದ ಮೇಲೆ ಕನ್ನಡದಲ್ಲಿ ಏನಾದರೂ ಸರಿಮಾಡಬೇಕೇ ಎಂದು ಇನ್ನೊಮ್ಮೆ ಕೇಳಿ ಕಳಿಸಿದರು. ಎಲ್ಲ ಚೆನ್ನಾಗಿದೆ ಎಂದೆ.

ಮೊದಲ ಪ್ರದರ್ಶನ ವಾಷಿಂಗ್ಟನ್‌ನಲ್ಲಿ ಇಟ್ಟರು, ಅವನ ಊರು. ಕನ್ನಡದವರು ಮೆಟ್ರೋ ಇಳಿದು ಗುಂಪು ಗುಂಪಾಗಿ ನಡೆದು ಬಂದರು. ನಾನು ಹಿಂದಿನ ಸಾಲಿನಲ್ಲಿ, ಮದುವೆಗೆ ಬಂದವನಂತೆ ಇಸ್ತ್ರಿ ಮಾಡಿದ ಷರಟಿನಲ್ಲಿ ಕೂತೆ. ಮುಂದಿನ ಸಾಲಿನಲ್ಲಿ ನಿರ್ದೇಶಕ, ಅವನ ತಂದೆ ತಾಯಿ. ಅವರ ಹಿಂದೆ ಹುಡುಗಿ, ಪಕ್ಕದಲ್ಲಿ ಅವಳ ತಾಯಿ.

ಆ ದೃಶ್ಯ ಬಂತು. ಅಮೆರಿಕನ್ನರು ಕಣ್ಣೊರೆಸಿಕೊಳ್ಳುತ್ತಿದ್ದರು. ಹುಡುಗಿ ತೆರೆಯ ಮೇಲೆ ಆ ಮಾತು ಹೇಳಿದಳು. ಮೊದಲು ಯಾರೋ ಒಬ್ಬ ಹಿರಿಯರು “ಅಯ್ಯೋ ಶಿವನೇ” ಅಂದರು. ಆಮೇಲೆ ಒಂದು ಸಾಲು ನಕ್ಕಿತು. ತಡೆಯಲು ಹೋಗಿ ತಡೆಯಲಾರದೆ ಅರ್ಧ ಹಾಲ್ ನಕ್ಕಿತು. ಮಕ್ಕಳು “ವಾಟ್? ವಾಟ್?” ಎಂದು ಕೇಳುತ್ತಿದ್ದರು. ನಾನು ಕಾದಿದ್ದ ನಗು ಅದೇ. ನಿರ್ದೇಶಕನ ಮುಖ ನೋಡಲು ಕತ್ತು ಚಾಚಿದೆ.

ಅವನು ಹಿಂದಕ್ಕೆ ತಿರುಗಿ ಜನರನ್ನು ನೋಡುತ್ತಿದ್ದ. ಮುಖ ಅರಳಿತ್ತು. ತಾನು ಬರೆದ ತಮಾಷೆ ಒಂದು ಮಾತು ಮೊದಲೇ ಜನರಿಗೆ ನಾಟಿದೆ ಎಂದು ತಿಳಿದಿದ್ದ. ನನ್ನನ್ನು ಗುರುತಿಸಿ ಕತ್ತಲೆಯಲ್ಲೇ ಹೆಬ್ಬೆರಳು ಎತ್ತಿದ.

ಅವನ ಹಿಂದೆ ಹುಡುಗಿಯ ತಾಯಿ ಮಗಳ ಕಿವಿಯಲ್ಲಿ ಏನೋ ಹೇಳಿದರು. ಹುಡುಗಿ ಸೀಟಿನಲ್ಲಿ ಕೆಳಕ್ಕೆ ಕೆಳಕ್ಕೆ ಇಳಿದಳು.

ಮುಗಿದ ಮೇಲೆ ಹೊರಗಿನ ಹಜಾರದಲ್ಲಿ ನಿರ್ದೇಶಕ ನನ್ನ ಹತ್ತಿರ ಬಂದ. “ಅಂಕಲ್, ಅಮ್ಮ ಏನೋ ಹೇಲ್ತಿದಾರೆ...”

“ಲೋ, ಮೊದ್ಲು ನೀನು ಬಾಯ್ ಮುಚ್ಚೋ!” ಎಂದರು ಅವನ ತಾಯಿ.

ಸುತ್ತ ನಿಂತವರು ಮತ್ತೆ ನಕ್ಕರು. ಈಗ ಅವನಿಗೆ ಅರ್ಥವಾಯಿತು. ಕಿವಿಯವರೆಗೂ ಕೆಂಪಾದ. ಅದನ್ನು ನೋಡಿದೆ, ಅಷ್ಟು ದಿನ ಬಯಸಿದ್ದು ಅದೊಂದನ್ನೇ. ಒಂದು ಉಸಿರಿನಷ್ಟು ಹೊತ್ತು ಸಿಹಿಯಾಗಿತ್ತು ಎಂದು ಬರೆಯದಿದ್ದರೆ ಸುಳ್ಳಾಗುತ್ತದೆ. ಅಷ್ಟರಲ್ಲಿ ಅವನು ಹುಡುಗಿಯ ಕಡೆ ತಿರುಗಿದ್ದ.

“ನಿಂಗೆ ಒಂದ್ ಲೈನ್ ಇತ್ತು. ಒನ್ ಲೈನ್! ಎಲ್ಲಾರ್ ಮುಂದೆ...” ಆಮೇಲಿನದೆಲ್ಲ ಇಂಗ್ಲಿಷಿನಲ್ಲಿ, ಗಟ್ಟಿಯಾಗಿ. ನಗುತ್ತಿದ್ದವರು ನಗು ನಿಲ್ಲಿಸಿ ಕೋಟು ಹುಡುಕಲು ಹೊರಟರು. ಬಾಯಿ ಬಿಡಬೇಕಾದ ಜಾಗ ಅದು. ನಿರ್ದೇಶಕ ನನ್ನನ್ನು ನೋಡಿ, “ನೀವ್ ಓಕೆ ಅಂದ್ರಿ ಅಲ್ವಾ ಅಂಕಲ್?” ಎಂದ.

“ಹೆಡ್‌ಫೋನಲ್ಲಿ ಸರಿಯಾಗೇ ಕೇಳಿಸ್ತಪ್ಪ. ವಯಸ್ಸಾಯ್ತು, ಕಿವಿ...” ಎಂದೆ.

ಹುಡುಗಿ ನನ್ನ ಹತ್ತಿರ ಬಂದಳು. ಬಯ್ಯುತ್ತಾಳೆ ಅಂದುಕೊಂಡೆ. ಬಯ್ದಿದ್ದರೆ ಎಲ್ಲ ಒಪ್ಪಿಕೊಳ್ಳುತ್ತಿದ್ದೆನೋ ಏನೋ. “ಸಾರಿ ಅಂಕಲ್. ನೀವ್ ಅಷ್ಟು ಕಲ್ಸಿದ್ರಿ. ನಿಮ್ ಹೆಸ್ರು ಕೂಡ ನಾನ್ ಹಾಲ್ ಮಾಡ್ದೆ” ಎಂದಳು.

“ಪರವಾಗಿಲ್ಲಮ್ಮ, ಬಿಡು” ಎಂದೆ. ನಾನು ಅವಳನ್ನು ಕ್ಷಮಿಸಿದೆ.

ಯಾರೋ ಆ ತುಣುಕನ್ನು ಫೋನಿನಲ್ಲಿ ಹಿಡಿದಿದ್ದರು. ವಾಟ್ಸಾಪ್ ಗುಂಪುಗಳಲ್ಲಿ ಅದು ಅಟ್ಲಾಂಟಾದಿಂದ ಧಾರವಾಡದವರೆಗೆ ಓಡಿತು. ಅವಳಿಗೆ ಒಂದು ಅಡ್ಡಹೆಸರೂ ಬಿತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ. ಟಿವಿಯಲ್ಲಿ ಬಿಡುವ ಮೊದಲು ಸರಿಮಾಡಬೇಕೆಂದು ಸಭೆ ಕರೆದರು. ಆರನೆಯ ಟೇಕ್ ಇತ್ತು. ಅದರ ಧ್ವನಿ ತೆಗೆದು ಕೂರಿಸಿದ್ದರೆ ಅವಳ ಧ್ವನಿಯಲ್ಲೇ, ಸರಿಯಾಗಿ, ಮುಗಿದುಹೋಗುತ್ತಿತ್ತು. ಹಾಗೆ ಹೇಳಿದ್ದರೆ, ಅವತ್ತು ನಾಲ್ಕು ಅಂದದ್ದು ಯಾಕೆ ಎಂಬ ಪ್ರಶ್ನೆ ಬರುತ್ತಿತ್ತು. ಸುಮ್ಮನೆ ಕೂತೆ. ನಿರ್ದೇಶಕನಿಗೆ ಅವಳ ಕನ್ನಡದ ಮೇಲೆ ನಂಬಿಕೆ ಹೋಗಿತ್ತು. ಒಂದು ಮಾತಿಗಾಗಿ ಅವಳ ಕನ್ನಡವನ್ನೆಲ್ಲ ತೆಗೆದು ಬೆಂಗಳೂರಿನ ಡಬ್ಬಿಂಗ್ ಕಲಾವಿದೆಯಿಂದ ಹೇಳಿಸಿದರು. ಆ ಕೆಲಸಕ್ಕೂ ನನ್ನನ್ನೇ ಕರೆದರು. ಹೋದೆ. ಹೆಡ್‌ಫೋನ್ ಹಾಕಿಕೊಂಡು, ತೆರೆಯ ಮೇಲೆ ಅವಳ ತುಟಿ ನೋಡುತ್ತಾ, ಬೇರೆ ಹೆಂಗಸಿನ ಮಾತನ್ನು ಅದಕ್ಕೆ ಒಂದೊಂದಾಗಿ ಕೂರಿಸಿದೆ. ಅದು ನನ್ನ ಹಳೆಯ ಕಸುಬು. ಚೆನ್ನಾಗಿ ಮಾಡಿದೆ.

ಹುಡುಗಿಯ ತಾಯಿ ನನಗೆ ಥ್ಯಾಂಕ್ಸ್ ಹೇಳಲು ಫೋನ್ ಮಾಡಿದರು. ಮರ್ಯಾದೆ ಉಳಿಸಿದ್ರಿ ಎಂದರು. ಅವರ ಅತ್ತೆ, ಹುಡುಗಿಯ ಅಜ್ಜಿ, ಧಾರವಾಡದಲ್ಲಿ ಪಿಕ್ಚರ್ ನೋಡಿದರಂತೆ. ಪೂರ್ತಿ ನೋಡಿ, “ನಮ್ಮ ಹುಡುಗಿ ಚೊಲೊ ಕಾಣಸ್ತಾಳ. ಖರೆ, ದನಿ ಯಾರ್ದವಾ ಇದು?” ಎಂದು ಕೇಳಿದರಂತೆ. ಹುಡುಗಿ ಆಮೇಲೆ ನಟಿಸಲಿಲ್ಲ. ಚಾರ್ಲಟ್‌ನಲ್ಲಿ ಯಾವುದೋ ಆಫೀಸಿಗೆ ಹೋಗುತ್ತಾಳೆ.

ಹೋದ ವರ್ಷ ನಿರ್ದೇಶಕನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ತಪ್ಪಾಯ್ತು ಎಂದೆ. ಬಾಯಿಗೆ ಬಂದಂತೆ ಬೈಯಲಿ ಎಂದು ಕಾದೆ. ಅವನು, “ವಾವ್ ಅಂಕಲ್” ಎಂದ. “ದಿಸ್ ಈಸ್ ಎ ಮೂವಿ. ಕ್ಯಾನ್ ಐ ಯೂಸ್ ಇಟ್?”

ಫೋನ್ ಕತ್ತರಿಸಿದೆ. ಆರಿದೆ ಅಂದುಕೊಂಡಿದ್ದ ಬೆಂಕಿ ಮತ್ತೆ ಹತ್ತಿತು. ಇದನ್ನು ಕೊನೆಗೂ ಬರೆಯಲು ಕೂತದ್ದಕ್ಕೆ ಪಶ್ಚಾತ್ತಾಪ ಒಂದೇ ಕಾರಣವಲ್ಲ. ಈ ಸಲ ಅವನಿಗಿಂತ ಮೊದಲು ನಾನೇ ಬರೆಯಬೇಕು ಎಂಬ ಹಟವೂ ಇದೆ.

ಹೆಂಡತಿಯ ಫೋಟೋದ ಮುಂದೆ ನಿಂತು ಅವಳ ಕೊನೆಯ ಮಾತನ್ನು ಏನು ಮಾಡಿದೆ ಎಂದು ಹೇಳಿಕೊಂಡಿದ್ದೇನೆ. ಹುಡುಗಿಯ ಹತ್ತಿರ ಮಾತ್ರ ಆಗಿಲ್ಲ. ಮಗಳ ಜೊತೆ ಕಾರಿನಲ್ಲಿ ಚಾರ್ಲಟ್ ದಾಟಿ ಹೋಗಿದ್ದೇನೆ, ಎಕ್ಸಿಟ್ ತಗೋ ಅನ್ನಲಿಲ್ಲ. ಅವಳು ಪರವಾಗಿಲ್ಲ ಅಂಕಲ್ ಅಂದುಬಿಡುತ್ತಾಳೆ ಎಂದು ನನಗೆ ಭಯ. ಇಲ್ಲಿ ಎಲ್ಲರನ್ನೂ ಅವರವರ ಕೆಲಸದಿಂದ ಕರೆದಿದ್ದೇನೆ, ನನ್ನ ಹೆಸರನ್ನೂ ಹಾಕಿಲ್ಲ. ಆದರೆ ಜನ ಅವಳಿಗಿಟ್ಟ ಹೆಸರು ಇನ್ನೂ ಓಡಾಡುತ್ತಿದೆ. ಅವಳ ಹೆಸರು ಅದಲ್ಲ. ಅವಳ ಹೆಸರು ತುಳಸಿ.